ಇಪ್ಪತ್ತೊಂದು ನಿಮಿಷ

ಕಡ್ಡಿಯಪ್ಪ ಮೊದಲ ದಿನವೇ ಸಿಸ್ಟರ್ ಕೈಯಲ್ಲಿ ಚೆನ್ನಾಗಿ ಬೈಸಿಕೊಂಡ.

ಅವನು ಲ್ಯಾಬ್ ಟೆಕ್ನಿಷಿಯನ್. ಆ ಹಿರಿಯರ ಆರೈಕೆ ಮನೆಗೆ ಬಂದಿದ್ದು ಎಲ್ಲರ ಮೂಗಿಗೂ ಕಡ್ಡಿ ಹಾಕಿ ಸ್ಯಾಂಪಲ್ ತೆಗೆಯೋಕೆ. ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ. ನಲವತ್ತೆರಡು ಅಜ್ಜ-ಅಜ್ಜಿಯರು, ಜೊತೆಗೆ ಹತ್ತೊಂಬತ್ತು ಸಿಬ್ಬಂದಿ. ಬಾಗಿಲಿಗೆ ಹತ್ತಿರವಿದೆಯಲ್ಲ ಅಂತ ಅವನು ಐಸ್ ಬಾಕ್ಸ್ ಹಿಡಿದುಕೊಂಡು ನೆಲದ ಮೇಲೆ ಕೆಂಪು ಟೇಪ್ ಅಂಟಿಸಿದ್ದ ಕಾರಿಡಾರಿಗೇ ನೇರವಾಗಿ ಹೊರಟ.

"ರೀ, ನಿಲ್ಲಿ! ಇನ್ನೊಂದು ಹೆಜ್ಜೆ ಇಟ್ರೆ ನೋಡಿ!"

ತಿರುಗಿದರೆ, ನೀಲಿ ಗೌನು, ಮಾಸ್ಕು, ಅದರ ಮೇಲೆ ಕೆಂಡದಂಥ ಎರಡು ಕಣ್ಣು.

"ಅಲ್ಲಿರೋರು ಸೋಂಕಿರೋರು. ಮೊದಲು ಅವರ ಹತ್ರ ಹೋಗಿ, ಅದೇ ಬಟ್ಟೇಲಿ ಚೆನ್ನಾಗಿರೋರ ಹತ್ರ ಬರ್ತೀರಾ? ಪರೀಕ್ಷೆ ಮಾಡೋಕೆ ಬಂದಿದೀರೋ, ಹಂಚೋಕೆ ಬಂದಿದೀರೋ?"

ಹಸಿರು ಟೇಪಿನ ಕಡೆ ಮೊದಲು, ಅನುಮಾನ ಇರೋರ ಹಳದಿ ಆಮೇಲೆ, ಕೆಂಪು ಕೊನೆಗೆ. ಇದು ಅವಳು ಮಾಡಿದ ನಿಯಮ. ಆ ಮನೆಯೊಳಗೆ ಸೋಂಕು ಬರದಂತೆ, ಬಂದರೆ ಹರಡದಂತೆ ನೋಡಿಕೊಳ್ಳುವ ನರ್ಸ್ ಅವಳೊಬ್ಬಳೇ. ಮೂರು ತಿಂಗಳಿಂದ ಮೈಯೆಲ್ಲ ಕಣ್ಣಾಗಿ ಕಾಯುತ್ತಿದ್ದಳು.

ಅವನು ಗೌನ್ ಬದಲಿಸಿದ. ಮೊದಲು ಸಿಬ್ಬಂದಿ, ಸಿಬ್ಬಂದಿಯಲ್ಲೂ ಮೊದಲು ಅವಳೇ. ಕುರ್ಚಿಯಲ್ಲಿ ಕೂತು ಮಾಸ್ಕನ್ನು ಮೂಗಿನಿಂದ ಮಾತ್ರ ಇಳಿಸಿದಳು. ಬಾಯಿ ಮುಚ್ಚಿಯೇ ಇರಬೇಕು, ಅದೂ ನಿಯಮವೇ.

"ಹತ್ತು ಎಣಿಸ್ತೀನಿ ಸಿಸ್ಟರ್, ಅಷ್ಟರಲ್ಲಿ ಮುಗಿಯುತ್ತೆ."

ಹತ್ತು ಎಣಿಸುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು. "ಬೈದಿದ್ದಕ್ಕೆ ಸೇಡು ತೀರಿಸ್ಕೊಂಡ್ರಾ?"

"ಛೇ, ಇಲ್ಲಪ್ಪ. ನಿಮಗೆ ಕೋಪ ಮೂಗಿನ ತುದೀಲೇ ಇರುತ್ತೆ ಅಂತ ಗೊತ್ತಾಯ್ತಲ್ಲ, ಅದನ್ನ ದಾಟಿ ಒಳಗೆ ಹೋಗ್ಬೇಕಿತ್ತು."

ನಗಬಾರದೆಂದುಕೊಂಡಳು. ಮಾಸ್ಕ್ ಇತ್ತಲ್ಲ, ನಕ್ಕಳು.

ಕಡ್ಡಿಯಪ್ಪ ಎಂದು ಹೆಸರಿಟ್ಟಿದ್ದು ಒಂಬತ್ತನೇ ಕೋಣೆಯ ಟೀಚರಮ್ಮ. ನಲವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು, ಮದುವೆಯಾದವರಲ್ಲ, ನನ್ನವರು ಅಂತ ಹೇಳಿಕೊಳ್ಳೋಕೆ ಯಾರೂ ಇರಲಿಲ್ಲ. ಕಡ್ಡಿ ಹಿಡಿದು ಬಂದ ಆರಡಿ ಉದ್ದದ ಸಣಕಲನನ್ನು ಮೇಲಿಂದ ಕೆಳಗೆ ನೋಡಿ, "ನೀನೂ ಕಡ್ಡಿ, ಕೈಯಲ್ಲೂ ಕಡ್ಡಿ" ಅಂದಿದ್ದರು.

ಅವರ ಮುಂದೆ ಹತ್ತು ಎಣಿಸುವ ಹಾಗಿರಲಿಲ್ಲ.

"ಹತ್ತು ಎಣಿಸೋಕೆ ಯಾರಿಗೆ ಬರಲ್ಲ? ಹದಿನೇಳರ ಮಗ್ಗಿ ಹೇಳು. ನೀನು ಮುಗಿಸೋವರೆಗೂ ನಾನು ಅಲ್ಲಾಡಲ್ಲ."

"ಹದಿನೇಳೊಂದ್ಲಿ ಹದಿನೇಳು, ಹದಿನೇಳೆರಡ್ಲಿ ಮೂವತ್ನಾಲ್ಕು..." ಬೆವರುತ್ತ ಸಾಗಿ, ಏಳಕ್ಕೆ ಬಂದಾಗ ಪ್ರತಿ ಸಲವೂ ಮುಗ್ಗರಿಸುತ್ತಿದ್ದ. "ಹದಿನೇಳೇಳ್ಲಿ... ನೂರಾ ಹದಿನೇಳು?"

"ತಪ್ಪು! ಬರೋ ಸಲ ಕಲ್ತು ಬಂದು ಒಪ್ಪಿಸ್ಬೇಕು."

ಟೀಚರಮ್ಮನ ಹೃದಯ ಸೋಲುತ್ತಿತ್ತು. ಕೆಲವು ವಾರ ಅಂದಿದ್ದರು ಡಾಕ್ಟರು. ಅದು ಅವರಿಗೂ ಗೊತ್ತಿತ್ತು. ಒಂದು ಮಧ್ಯಾಹ್ನ ಸಿಸ್ಟರಿನ ಕೈ ಹಿಡಿದುಕೊಂಡರು.

"ನೋಡೇ, ನಾನು ಹೋಗೋವಾಗ ಪಕ್ಕದಲ್ಲಿ ನೀನು ಇರ್ಬೇಕು. ಯಾರೋ ಅಲ್ಲ, ನೀನೇ. ಇರ್ತೀಯಾ?"

"ಇರ್ತೀನಿ ಟೀಚರಮ್ಮ."

"ಭಾಷೆ ಕೊಡು."

ಗ್ಲೌಸಿನ ಕೈಯನ್ನೇ ಅವರ ಕೈ ಮೇಲಿಟ್ಟು ಭಾಷೆ ಕೊಟ್ಟಳು.

ಹೀಗೆ ಒಬ್ಬರ ಪಕ್ಕದಲ್ಲಿ ಒಬ್ಬರು ಇರುವುದು ಆಗ ಎಷ್ಟು ಕಷ್ಟವಾಗಿತ್ತು ಅನ್ನೋದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಿಂದಿನ ತಿಂಗಳು ದರ್ಜಿ ತಾತ ಕೊನೆಯುಸಿರು ಎಳೆಯುತ್ತಿದ್ದಾಗ ಮಗಳು ಗೇಟಿಗೆ ಬಂದಿದ್ದಳು. ಆಫೀಸಿನಲ್ಲಿ ಸೋಂಕಿದ್ದವರ ಜೊತೆ ಕೂತಿದ್ದವಳು. ಮಾಸ್ಕ್ ಇಲ್ಲದೆ ಹದಿನೈದು ನಿಮಿಷ ಕೂತರೆ ಹದಿನಾಲ್ಕು ದಿನ ಮನೆಯಲ್ಲೇ ಇರಬೇಕು. ಅವಳಿಗಿನ್ನೂ ಹನ್ನೆರಡೇ ದಿನ ಆಗಿತ್ತು.

"ಎರಡೇ ದಿನ ಅಲ್ವಾ ಸಿಸ್ಟರ್! ಬಾಗಿಲಲ್ಲಿ ನಿಂತು ನೋಡ್ಕೊಂಡು ಹೋಗ್ತೀನಿ. ಕಾಲಿಗೆ ಬೀಳ್ತೀನಿ."

ಸಿಸ್ಟರ್ ಬಿಡಲಿಲ್ಲ. ಮಾರನೆಯ ದಿನ ತಾತ ಹೋದರು. ಆ ಮಗಳು ಗೇಟಿನ ಕಂಬಿ ಹಿಡಿದು ನಿಂತಿದ್ದನ್ನು ಅವಳು ಮರೆತಿರಲಿಲ್ಲ.

ಸೋಮವಾರ ಗುರುವಾರಗಳು ಹೋದವು, ಬಂದವು. ಕಡ್ಡಿಯಪ್ಪನ ಬೈಕ್ ಸದ್ದಿಗೆ ಅವಳ ಕಿವಿ ನೆಟ್ಟಗಾಗತೊಡಗಿತು. ಅವನು ನೋಡಿದ್ದು ಅವಳ ಮೂಗು, ಕಣ್ಣು. ಅವಳು ನೋಡಿದ್ದು ಮುಖದ ಶೀಲ್ಡ್ ಹಿಂದಿನ ಅವನ ಕಣ್ಣು ಮಾತ್ರ. ಅಷ್ಟಕ್ಕೇ ಅವಳ ಲೆಕ್ಕವೆಲ್ಲ ತಪ್ಪುತ್ತಿತ್ತು, ಒಮ್ಮೆ ಟ್ಯೂಬಿನ ಪಟ್ಟಿಯಲ್ಲಿ ತನ್ನ ಹೆಸರನ್ನೇ ಎರಡು ಸಲ ಬರೆದಿದ್ದಳು.

"ಎರಡು ಸಲ ಟೆಸ್ಟ್ ಮಾಡ್ಲಾ?" ಅಂದ ಅವನು.

"ಮಾಡಿ ನೋಡಿ, ಕೈ ಮುರೀತೀನಿ."

ಮೂವತ್ತಾರು ವರ್ಷದ ಹೆಂಗಸು, ಮದುವೆ ಮಾತೆತ್ತಿದರೆ ಅಕ್ಕನ ಮೇಲೇ ಹರಿಹಾಯುವವಳು, ಅವನ ಮುಖ ಹೇಗಿರಬಹುದೆಂದು ಬಸ್ಸಿನಲ್ಲಿ ಕೂತು ಯೋಚಿಸುತ್ತಿದ್ದಳು.

ಆ ಗುರುವಾರ ರಿಪೋರ್ಟ್ ಬಂತು. ಎಲ್ಲರೂ ನೆಗೆಟಿವ್, ಮೂರನೇ ವಾರವೂ. ಅವಳೇ ಮಂಡಿಯೂರಿ ಕೂತು ನೆಲದ ಕೆಂಪು ಟೇಪನ್ನು ಕಿತ್ತು ಉಂಡೆ ಮಾಡಿದಳು. ಕಡ್ಡಿಯಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಇಷ್ಟು ದೊಡ್ಡ ದಿನ, ಒಂದು ಟೀ ಕೂಡ ಇಲ್ವಾ ಸಿಸ್ಟರ್?"

ಟೀ ಕುಡಿಯುವುದಕ್ಕೂ ನಿಯಮವಿತ್ತು. ಹಿತ್ತಲ ಮೆಟ್ಟಿಲ ಮೇಲೆ, ಒಬ್ಬೊಬ್ಬರೇ, ಹದಿನೈದು ನಿಮಿಷದೊಳಗೆ. ಟೈಮರ್ ಇಟ್ಟುಕೊಂಡೇ ಕೂರಬೇಕು. ಆವತ್ತು ಅವಳು ಎರಡು ಲೋಟ ತಂದಳು. ಮೂರೂವರೆಗೆ ಹದಿನೈದು ನಿಮಿಷದ ಟೈಮರ್ ಇಟ್ಟಳು. ಇಬ್ಬರೂ ಮಾಸ್ಕ್ ತೆಗೆದರು.

ಸ್ವಲ್ಪ ಹೊತ್ತು ಟೀ ಕುಡಿಯುವುದೇ ಮರೆತುಹೋಯಿತು.

"ಮೀಸೆ ಇದ್ಯಾ ನಿಮಗೆ?" ಅಂದಳು. "ಇಷ್ಟು ದಿನ ನಾನು ಇಲ್ಲ ಅಂತಾನೇ ಅಂದ್ಕೊಂಡಿದ್ದೆ."

"ಅಂದ್ರೆ ನನ್ನ ಬಗ್ಗೆ ಅಂದ್ಕೊಳ್ತಾ ಇದ್ರಿ."

ಅವಳ ಕೆನ್ನೆ ಬಿಸಿಯಾಯಿತು. ಮುಚ್ಚಿಕೊಳ್ಳೋಕೆ ಮಾಸ್ಕ್ ಇರಲಿಲ್ಲ. ಅವನು ನಕ್ಕಾಗ ಎಡಗಡೆಯ ಹಲ್ಲೊಂದು ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿದ್ದು ಕಂಡಿತು. ಅವಳ ಮೇಲ್ದುಟಿಯ ಮೇಲಿನ ಮಚ್ಚೆಯನ್ನು ಅವನು ನೋಡುತ್ತಲೇ ಇದ್ದ.

"ಏನು ಹಾಗೆ ನೋಡ್ತೀರಿ?"

"ಮೂರು ತಿಂಗಳಿಂದ ನಿಮ್ಮ ಮೂಗು ಒಂದೇ ನೋಡಿದೀನಿ. ಬಾಕಿ ಇರೋದನ್ನ ನೋಡ್ಕೊಳ್ತಾ ಇದೀನಿ."

ಟೈಮರ್ ಹೊಡೆಯಿತು. ಅವಳು ಶಬ್ದ ನಿಲ್ಲಿಸಿದಳು. ಏಳಬೇಕು ಅಂತ ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಏಳಲಿಲ್ಲ. ತಣ್ಣಗಾದ ಲೋಟ ಹಿಡಿದು ಸುಮ್ಮನೆ ಕೂತಿದ್ದರು. ಒಂಬತ್ತನೇ ಕೋಣೆಯ ಬೆಲ್ ಹೊಡೆದಾಗ ಗಡಿಯಾರ ನೋಡಿದಳು. ಮೂರು ಐವತ್ತೊಂದು.

ಮಾಸ್ಕ್ ಏರಿಸಿಕೊಂಡು ಓಡಿಬಂದವಳನ್ನು ನೋಡಿ ಟೀಚರಮ್ಮ ಮುಖ ಊದಿಸಿದರು. ಅವರ ಕಿಟಕಿ ಹಿತ್ತಲ ಮೆಟ್ಟಿಲ ಕಡೆಗೇ ಇತ್ತು.

"ಬೆಡ್ ಪ್ಯಾನ್ ಕೊಡೇ ಬೇಗ! ಆಗ್ಲೇ ಬೇಕಿತ್ತು, ನಿಮ್ಮಿಬ್ಬರನ್ನ ನೋಡಿ ತಡ್ಕೊಂಡೆ. ಈ ವಯಸ್ಸಲ್ಲಿ ಆರು ನಿಮಿಷ ತಡ್ಕೊಳ್ಳೋದು ಅಂದ್ರೆ ಏನು ಅಂತ ನಿನಗೆ ಗೊತ್ತಾ?"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಶನಿವಾರ ಬೆಳಿಗ್ಗೆ ಅವಳು ಆರೈಕೆ ಮನೆಯ ಗೇಟಿಗೆ ಕೈ ಹಾಕಿದ್ದಳು. ಕಡ್ಡಿಯಪ್ಪನ ಫೋನ್ ಬಂತು.

"ಸಿಸ್ಟರ್, ಒಳಗೆ ಹೋಗಿದೀರಾ?"

"ಇಲ್ಲ, ಗೇಟಲ್ಲಿದೀನಿ."

"ಹೋಗ್ಬೇಡಿ." ಅವನು ಕೆಮ್ಮಿದ. "ಲ್ಯಾಬಲ್ಲಿ ನಮಗೂ ವಾರಕ್ಕೊಂದು ಟೆಸ್ಟ್ ಇರುತ್ತಲ್ಲ. ನಂದು ಪಾಸಿಟಿವ್ ಬಂದಿದೆ."

ಅವಳು ಗೇಟಿನಿಂದ ಕೈ ತೆಗೆದಳು.

"ಫಾರ್ಮ್ ನನ್ನ ಮುಂದೆ ಇದೆ," ಅಂದ. "ಮಾಸ್ಕ್ ಇಲ್ಲದೆ ಯಾರ ಜೊತೆ ಇದ್ರಿ, ಎಷ್ಟು ನಿಮಿಷ ಅಂತ ಕೇಳಿದಾರೆ. ಹದಿನೈದಕ್ಕಿಂತ ಕಮ್ಮಿ ಇದ್ರೆ ನಿಮಗೇನೂ ಇಲ್ಲ. ಟೀಚರಮ್ಮನಿಗೆ ಭಾಷೆ ಕೊಟ್ಟಿದೀರಿ, ನಂಗೊತ್ತು." ಮತ್ತೆ ಕೆಮ್ಮಿದ. "ಹದಿನಾಲ್ಕು ಅಂತ ಬರೀಲಾ?"

ಗೇಟಿನಾಚೆ ಟೀಚರಮ್ಮನ ಕೋಣೆ ಇಪ್ಪತ್ತು ಹೆಜ್ಜೆ. ಹೂಂ ಅಂದುಬಿಟ್ಟರೆ ಸಾಕಿತ್ತು. ಆದರೆ ಕೈ ತೆಗೆದ ಗೇಟಿನ ಕಂಬಿಯ ಮೇಲೆ ಅವಳಿಗೆ ದರ್ಜಿ ತಾತನ ಮಗಳ ಬೆರಳುಗಳೇ ಕಾಣುತ್ತಿದ್ದವು. ಇನ್ನೊಂದು ಮಾತೂ ಇತ್ತು.

"ಟೈಮರ್ ಹೊಡೆದ ಮೇಲೂ ಕೂತಿದ್ವಲ್ಲ," ಅಂದಳು. "ಹದಿನಾಲ್ಕು ಅಂತ ಬರೆದ್ರೆ, ಅದು ನಡೀಲೇ ಇಲ್ಲ ಅಂತ ಆಗುತ್ತೆ."

ಅವಳೇ ಮುಂದುವರಿಸಿದಳು.

"ನನ್ನ ಜೀವನದಲ್ಲಿ ಅಂಥದ್ದು ನಡೆದಿರೋದು ಅದೊಂದೇ. ಇಪ್ಪತ್ತೊಂದು ಅಂತ ಬರೀರಿ."

"ಬರೀತೀನಿ," ಅಂದ. "ನಾನೂ ಗಡಿಯಾರ ನೋಡಿದ್ದೆ. ಇಪ್ಪತ್ತೊಂದೇ."

ಅಕ್ಕನ ಮನೆಯ ಮಹಡಿ ಕೋಣೆಯಲ್ಲಿ ಅವಳು ಬಾಗಿಲು ಹಾಕಿಕೊಂಡಳು. ಅಕ್ಕ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಕೆಳಗಿನಿಂದಲೇ ಕೂಗುತ್ತಿದ್ದಳು: "ಊರಿಗೆಲ್ಲ ಮಾಸ್ಕ್ ಹಾಕಿಸೋಳು ನೀನು! ಅದ್ಯಾವ ಮಹಾರಾಯನ ಮುಂದೆ ತೆಗೆದ್ಯೇ?"

ಐದನೇ ದಿನ ಅವಳಿಗೂ ಪಾಸಿಟಿವ್ ಬಂತು. ಜ್ವರ ಹೆಚ್ಚೇನಿರಲಿಲ್ಲ, ನಡುಕ ಬಂದಿದ್ದು ಬೇರೆ ಕಾರಣಕ್ಕೆ. ಹದಿನಾಲ್ಕು ಅಂತ ಬರೆಸಿದ್ದರೆ ಈ ಐದು ದಿನ ಅವಳು ನಲವತ್ತೆರಡು ಹಾಸಿಗೆಗಳ ಪಕ್ಕ ನಿಂತಿರುತ್ತಿದ್ದಳು. ಆರೈಕೆ ಮನೆಯಲ್ಲಿ ಒಬ್ಬರಿಗೂ ಸೋಂಕು ಬರಲಿಲ್ಲ.

ಕಡ್ಡಿಯಪ್ಪ ಆಸ್ಪತ್ರೆ ಸೇರಿದ್ದ. ಆಕ್ಸಿಜನ್ ಹಾಕಿದ್ದರು, ಮಾತಾಡುವಂತಿರಲಿಲ್ಲ. ದಿನಕ್ಕೊಂದು ಮೆಸೇಜು ಬರುತ್ತಿತ್ತು. "ಇದೀನಿ." ಅವಳೂ ಬರೆಯುತ್ತಿದ್ದಳು: "ನಾನೂ."

ಹನ್ನೆರಡನೇ ದಿನ ಮಧ್ಯಾಹ್ನ ಆಯಾ ವಿಡಿಯೋ ಕಾಲ್ ಮಾಡಿದಳು. "ಟೀಚರಮ್ಮ ನಿಮ್ಮನ್ನೇ ಕೇಳ್ತಾ ಇದಾರೆ ಸಿಸ್ಟರ್. ತುಂಬಾ ಹೊತ್ತು ಇರಲ್ಲ ಅನ್ಸುತ್ತೆ."

ಅವಳು ಚಪ್ಪಲಿ ಮೆಟ್ಟಿಕೊಂಡಳು. ಫೋನ್ ಹಿಡಿದೇ ಮಹಡಿಯ ಮೆಟ್ಟಿಲಿಳಿದಳು.

ಕೆಳಗೆ ಅಕ್ಕ ದಾರಿ ಬಿಟ್ಟು ದೂರ ನಿಂತಳು. "ಹೋಗಿ ಬಾರೇ. ಗೌನು, ಮಾಸ್ಕು ಎಲ್ಲ ಹಾಕ್ಕೋ. ಇನ್ನೆರಡೇ ದಿನ ಅಲ್ವಾ?"

ಇನ್ನೆರಡೇ ದಿನ. ಅವಳು ಬಾಗಿಲಲ್ಲೇ ನಿಂತಳು. ಅದೇ ಮಾತಿಗೆ ತಾನು ಗೇಟು ತೆಗೆದಿರಲಿಲ್ಲ. ಕೊನೆಯ ಮೆಟ್ಟಿಲ ಮೇಲೆ ಕುಸಿದು ಕೂತು ಫೋನನ್ನು ಎತ್ತಿ ಹಿಡಿದಳು.

ಪರದೆಯಲ್ಲಿ ಟೀಚರಮ್ಮನ ಮುಖ ಚಿಕ್ಕದಾಗಿತ್ತು. ಕಣ್ಣು ಮಾತ್ರ ಅದೇ.

"ಯಾರೇ ಅದು?"

"ನಾನು ಟೀಚರಮ್ಮ. ಬರ್ತೀನಿ ಅಂದಿದ್ದೆ... ಬರೋಕಾಗ್ಲಿಲ್ಲ. ಕ್ಷಮಿಸ್ಬಿಡಿ."

ಅವರು ಬಹಳ ಹೊತ್ತು ನೋಡಿದರು. "ಓ... ನಿನ್ನ ಬಾಯಿ ಹೀಗಿದ್ಯಾ? ಆವತ್ತು ಕಿಟಕಿಯಿಂದ ಸರಿಯಾಗಿ ಕಾಣಿಸ್ಲಿಲ್ಲ." ಉಸಿರು ತೆಗೆದುಕೊಂಡರು. "ಚೆನ್ನಾಗಿದೀಯ ಕಣೇ. ಆ ಕಡ್ಡಿಯಪ್ಪ ಎಲ್ಲಿ? ಮಗ್ಗಿ ಒಪ್ಪಿಸ್ಲೇ ಇಲ್ಲ."

"ಕಲೀತಾ ಇದಾರೆ."

"ಬೇಗ ಬರೋಕೆ ಹೇಳು," ಅಂದರು. ಆಮೇಲೆ ಮಾತಾಡಲಿಲ್ಲ. ಆಯಾ ಒಂದು ಕೈಯಲ್ಲಿ ಫೋನ್, ಇನ್ನೊಂದರಲ್ಲಿ ಅವರ ಕೈ ಹಿಡಿದು ಕೂತಿದ್ದಳು. ನಲವತ್ತು ನಿಮಿಷ ಸಿಸ್ಟರ್ ಪರದೆಯ ಮೇಲೆ ಆ ಎದೆಯ ಏರಿಳಿತ ನೋಡುತ್ತಿದ್ದಳು. ಆಮೇಲೆ ಅದು ನಿಂತಿತು. ಅವರನ್ನು ಹಿಡಿದ ಆ ಕೈ ತನ್ನದಾಗಿರಬೇಕಿತ್ತು. ಅವಳು ಮೆಟ್ಟಿಲ ಮೇಲೆ ಬಾಯಿಬಿಟ್ಟು ಅತ್ತಳು. ಅಕ್ಕ ಹತ್ತಿರ ಬರಲಾರದೆ, ದೂರದಲ್ಲೇ ನಿಂತು ತಾನೂ ಅತ್ತಳು.

ಕೆಲಸಕ್ಕೆ ಮರಳಿದ ದಿನ ಒಂಬತ್ತನೇ ಕೋಣೆ ಶುದ್ಧವಾಗಿದೆಯೆಂದು ಅವಳೇ ಸಹಿ ಹಾಕಬೇಕಿತ್ತು. ಹಾಸಿಗೆ, ಬೆಲ್ಲಿನ ಗುಂಡಿ, ಕಿಟಕಿಯ ಚಿಲಕ, ಎಲ್ಲ ಒರೆಸಿತ್ತು. ಸಹಿ ಹಾಕಿದಳು.

ಕಡ್ಡಿಯಪ್ಪ ಬಂದಿದ್ದು ತಿಂಗಳ ಮೇಲೆ, ಒಂದು ಗುರುವಾರ. ಇನ್ನಷ್ಟು ಸಣ್ಣಗಾಗಿದ್ದ. ಐಸ್ ಬಾಕ್ಸನ್ನು ಗೇಟಿನಿಂದ ಬಾಗಿಲಿಗೆ ತರುವಷ್ಟರಲ್ಲಿ ಎರಡು ಸಲ ನಿಂತ. ಅವಳನ್ನು ಕಂಡದ್ದೇ ಶೀಲ್ಡ್ ಹಿಂದೆ ಕಣ್ಣು ಅರಳಿತು.

"ಮೊದಲು ಟೀಚರಮ್ಮನ ಹತ್ರ ಹೋಗ್ತೀನಿ ಸಿಸ್ಟರ್, ಇದೊಂದು ಸಲ ನಿಯಮ ಬಿಡಿ. ಆಸ್ಪತ್ರೇಲಿ ದಿನಾ ಬೋರಲು ಮಲಗಿಸ್ತಾ ಇದ್ರು. ಉಸಿರು ಸಿಗದಾಗೆಲ್ಲ ಹದಿನೇಳರ ಮಗ್ಗಿ ಹೇಳ್ಕೊಳ್ತಾ ಇದ್ದೆ. ಈಗ ಒಂದೂ ತಪ್ಪಲ್ಲ."

ಟೀಚರಮ್ಮ ಹೋದದ್ದನ್ನು ಅವಳು ಅವನಿಗೆ ಹೇಳಿರಲಿಲ್ಲ. ಆ ಉಸಿರಿಗೆ ಅದೊಂದು ಭಾರ ಬೇಡ ಅಂತ ದಿನ ದಿನ ಮುಂದೂಡಿದ್ದಳು.

ಕುರ್ಚಿಯಲ್ಲಿ ಕೂತು ಮಾಸ್ಕನ್ನು ಮೂಗಿನಿಂದ ಇಳಿಸಿದಳು. "ನನ್ನ ಹತ್ರಾನೇ ಒಪ್ಪಿಸಿ," ಅಂದಳು.

ಅವನು ಅವಳ ಕಣ್ಣು ನೋಡಿದ. ಒಂಬತ್ತನೇ ಕೋಣೆಯ ತೆರೆದ ಬಾಗಿಲು ನೋಡಿದ. ಕಡ್ಡಿಯ ಪೊಟ್ಟಣ ಹರಿದ.

"ಹದಿನೇಳೊಂದ್ಲಿ ಹದಿನೇಳು..." ನಡುನಡುವೆ ಉಸಿರಿಗೆ ನಿಲ್ಲುತ್ತ ಹೇಳಿದ. ಕಡ್ಡಿ ಹೊರಗೆ ಬಂದು ಟ್ಯೂಬು ಸೇರಿದರೂ ಹೇಳುತ್ತಲೇ ಇದ್ದ. "ಹದಿನೇಳೇಳ್ಲಿ ನೂರಾ ಹತ್ತೊಂಬತ್ತು." ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಈ ಸಲ ಸೇಡಿನ ಮಾತು ಯಾರೂ ಆಡಲಿಲ್ಲ. "ಹದಿನೇಳ್ಹತ್ಲಿ ನೂರಾ ಎಪ್ಪತ್ತು. ಸರಿ ಇತ್ತಾ?"

"ಸರಿ ಇತ್ತು."

ಕೆಲಸ ಮುಗಿದ ಮೇಲೆ ಹಿತ್ತಲ ಮೆಟ್ಟಿಲಲ್ಲಿ ಕೂತರು, ಮಾಸ್ಕ್ ಹಾಕಿಕೊಂಡೇ. ಅವಳು ಟೈಮರ್ ಇಟ್ಟಳು. ಟೀಚರಮ್ಮನ ಕೊನೆಯ ಮಧ್ಯಾಹ್ನವನ್ನು ಒಂದೂ ಬಿಡದೆ ಹೇಳಿದಳು. ಅವನು ಕೇಳಿ ಮುಗಿಸಿ, ಲೋಟವಿಲ್ಲದ ತನ್ನ ಕೈ ನೋಡಿಕೊಂಡ.

"ನಾನು ಟೀ ಕೇಳ್ಬಾರ್ದಿತ್ತು," ಅಂದ.

"ನಾನು ಎರಡು ಲೋಟ ತರ್ಬಾರ್ದಿತ್ತು." ಕೈ ಚಾಚಿ ಅವನ ಬೆರಳು ಹಿಡಿದಳು. "ಆದ್ರೂ ತಂದಿದ್ದಕ್ಕೆ ನಂಗೆ ಬೇಜಾರಿಲ್ಲ. ಬೇಜಾರಿಲ್ಲ ಅನ್ನೋದಕ್ಕೇ ಜಾಸ್ತಿ ಅಳು ಬರುತ್ತೆ."

"ನನ್ನ ಜೊತೆ ಇರ್ತೀರಾ?"

"ಇರ್ತೀನಿ," ಅಂದಳು. ಭಾಷೆ ಕೊಡುವ ಧೈರ್ಯ ಬರಲಿಲ್ಲ. ಹಿಡಿದ ಬೆರಳನ್ನು ಇನ್ನಷ್ಟು ಬಿಗಿ ಹಿಡಿದಳು.

ಟೈಮರ್ ಹೊಡೆಯಿತು. ಅವಳು ಶಬ್ದ ನಿಲ್ಲಿಸಿದಳು. ಇಬ್ಬರೂ ಒಂಬತ್ತನೇ ಕೋಣೆಯ ಕಿಟಕಿಯನ್ನೇ ನೋಡುತ್ತ ಕೂತರು. ಆರು ನಿಮಿಷವಾಯಿತು, ಏಳಾಯಿತು. ಬೆಲ್ ಹೊಡೆಯಲಿಲ್ಲ.