ಆ ಹಸಿರು ಬಳೆಯ ಕೈ ನನ್ನದಲ್ಲ!

"ಹಂಗ ಇರ್ರಿ! ಕೈ ಅಳ್ಳಾಡಿಸಬ್ಯಾಡ್ರಿ!"

ಹಿಂದಿನಿಂದ ಬಂದ ಗಂಡಸಿನ ದನಿಗೆ ಮಾದೇವಿಯ ಎದೆ ಧಸಕ್ಕೆಂದಿತು. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಡುತ್ತಿದ್ದ, ಎರಡೇ ಹಸಿರು ಬಳೆಯಿದ್ದ ಕೈ ಅಲ್ಲೇ ನಿಂತುಬಿಟ್ಟಿತು.

ಕ್ಲಿಕ್!

ತಿರುಗಿದರೆ ಅಡುಗೆಮನೆಯ ಬಾಗಿಲಲ್ಲಿ ಕ್ಯಾಮೆರಾ ಹಿಡಿದ ಹುಡುಗನೊಬ್ಬ ನಿಂತಿದ್ದ. ಮುಖದ ತುಂಬ ನಗು!

"ಅಬಬಬ... ಬೆಣ್ಣಿ ಕರಗೂದು ಹೆಂಗ ಬಂದೈತಿ ನೋಡ್ರಿ! ನಾ ಹೇಳಿಕೊಟ್ಟರೂ ಹಿಂಗ ಯಾರೂ ಹಿಡಿಯೂದಿಲ್ಲ."

"ಅಳಿಸ್ರಿ ಅದನ್ನ!"

"ಯಾಕ್ರೀ? ಮುಖ ಬಂದಿಲ್ಲ. ಬರೇ ಕೈ ಐತಿ."

"ಕೈನೂ ಬ್ಯಾಡ! ನಿಮ್ಮ ಕಾಲ ಬೀಳ್ತೇನಿ... ಅಳಿಸಿಬಿಡ್ರಿ!"

ಅವಳು ಬಲಗೈಯನ್ನು ಸೆರಗಿನಲ್ಲಿ ಅಡಗಿಸಿಕೊಂಡಳು. ಹುಡುಗನ ನಗು ಮಾಯವಾಯಿತು. ಅಷ್ಟರಲ್ಲಿ ಖಾನಾವಳಿಯ ಒಡತಿ ತಾರವ್ವ ಒಳಗೆ ಬಂದಳು.

"ಏನಾತವ್ವಾ? ಇಂವ ಅಮೋಲ ಅಂತ, ರಬಕವಿ ರೋಡಿನ್ಯಾಗ ಸ್ಟುಡಿಯೋ ಇಟ್ಟಾನ. ನಮ್ಮ ಬೋರ್ಡಿಗೆ ಊಟದ ಫೋಟೋ ಬೇಕಂತ ನಾನ ಕರಸೀನಿ."

ಅಮೋಲ ಒಂದು ಮಾತೂ ಕೇಳದೆ ಕ್ಯಾಮೆರಾವನ್ನು ಮಾದೇವಿಯ ಮುಂದೆ ಹಿಡಿದ. ಅವಳು ನೋಡುತ್ತಿರುವಾಗಲೇ ಫೋಟೋ ಅಳಿಸಿದ.

"ಆತಲ್ರೀ? ಈಗರೆ ಉಸಿರಾಡ್ರಿ."

ಒಂದು ಕೈಯ ಚಿತ್ರಕ್ಕೆ ಇಷ್ಟು ಹೆದರಿಕೆಯೇ ಎಂದು ನೀವು ನಗಬಹುದು. ನಗಬೇಡಿ. ಮಾದೇವಿಯ ಬಲಗೈ ಹೆಬ್ಬೆರಳಿನ ಮೇಲೆ ಅಂಗೈವರೆಗೆ ಇಳಿದ ಸುಟ್ಟ ಕಲೆಯಿತ್ತು. ಅವಳ ಊರು ಸಾವಳಗಿಯಲ್ಲಿ ಆ ಕಲೆಯ ಗುರುತಿಲ್ಲದವರಿಲ್ಲ. ಸೋದರಮಾವ ಪಾಂಡಪ್ಪನ ಜೊತೆ ಲಗ್ನ ಗೊತ್ತಾದಾಗ, ಬಾಯಿಬಿಟ್ಟು ಒಲ್ಲೆ ಎನ್ನಲಾರದೆ, ಬೆಳಗಿನ ಬಸ್ಸು ಹತ್ತಿ ಬನಹಟ್ಟಿಗೆ ಓಡಿಬಂದ ಹುಡುಗಿ ಅವಳು. ಗೆಳತಿಯ ಚಿಗವ್ವ ತಾರವ್ವ ಒಳಗಿಟ್ಟುಕೊಂಡಿದ್ದಳು. ಅಂದಿನಿಂದ ಮಾದೇವಿ ಅಡುಗೆಮನೆಯ ಪರದೆ ದಾಟಿ ಮುಂದೆ ಬಂದವಳಲ್ಲ, ಒಳಗೇ ರೊಟ್ಟಿ ಬಡಿಯುತ್ತಿದ್ದಳು.

ಅಣ್ಣ ಭೀಮಶಿ ಊರೂರು ಹುಡುಕುತ್ತಿದ್ದಾನೆ ಎಂಬ ಸುದ್ದಿ ಬಂದಿತ್ತು. 'ಸಿಕ್ಕರ ಜುಟ್ಟು ಹಿಡದು ಎಳಕೊಂಡು ಹೊಕ್ಕೇನಿ' ಅಂದಿದ್ದನಂತೆ. ಭೀಮಶಿ ಅಂದದ್ದನ್ನು ಮಾಡುವವನೇ!

*

ಎದುರಿಗೆ ಹೊಸ ಹೋಟೆಲ್ಲು ಆದಾಗಿನಿಂದ ತಾರವ್ವನಿಗೆ ಗಿರಾಕಿ ಕಡಿಮೆಯಾಗಿದ್ದರು. ಅದಕ್ಕೇ ಈ ಬೋರ್ಡಿನ ಹುಕಿ. ಅಮೋಲ ದಿನಾ ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ಬರುತ್ತಿದ್ದ.

ಅವನ ಹತ್ತಿರ ದೊಡ್ಡ ಲೈಟುಗಳಿರಲಿಲ್ಲ. ಹಿತ್ತಲ ಬಾಗಿಲಿಂದ ಬರುವ ಬಿಸಿಲೇ ಅವನ ಲೈಟು. ಟಿವಿ ಡಬ್ಬಿಯಲ್ಲಿ ಬಂದ ಬಿಳಿ ಥರ್ಮಾಕೋಲನ್ನು ಆಚೆ ಕಡೆ ಹಿಡಿದರೆ ತಾಟಿನ ನೆರಳೆಲ್ಲ ಓಡಿಹೋಗುತ್ತಿತ್ತು. ಅದನ್ನು ಹಿಡಿಯುವ ಕೆಲಸ ಮಾದೇವಿಯದು. ಕ್ಯಾಮೆರಾದ ಹಿಂದೆ ನಿಲ್ಲುವುದಾದರೆ ಅವಳಿಗೇನು ಹೆದರಿಕೆ?

"ಎಣ್ಣಿಗಾಯಿಗೆ ಸ್ವಲ್ಪ ಎಣ್ಣಿ ಸವರ್ರಿ. ಹೊಳೀಬೇಕು."

"ತಿನ್ನಾಕೋ, ನೋಡಾಕೋ?"

"ಮೊದಲ ನೋಡಾಕ. ಆಮ್ಯಾಲ ನಾನ ತಿಂತೇನಿ!"

ಅವಳಿಗೆ ನಗು ಬಂತು. ನಕ್ಕು ಎಷ್ಟು ದಿನವಾಗಿತ್ತೋ...

ಅವನು ಉಳ್ಳಾಗಡ್ಡಿಯನ್ನು ಚಾಕುವಿನಿಂದ ಅಂದವಾಗಿ ಹೆಚ್ಚಿ ಇಟ್ಟರೆ ಅವಳು ತೆಗೆದುಹಾಕಿದಳು. ಇನ್ನೊಂದನ್ನು ಮುಷ್ಟಿಯಿಂದ ಗುದ್ದಿ ಒಡೆದು ರೊಟ್ಟಿಯ ಪಕ್ಕ ಇಟ್ಟಳು.

"ನಮ್ಮ ಕಡೆ ಹಿಂಗ ತಿಂತಾರ್ರಿ."

ಅಮೋಲ ಉಳ್ಳಾಗಡ್ಡಿಯನ್ನು ನೋಡಿದ, ಆಮೇಲೆ ಅವಳನ್ನು ನೋಡಿದ. ಸ್ವಲ್ಪ ಹೊತ್ತು ಜಾಸ್ತಿಯೇ ನೋಡಿದ!

"ಎಲ್ಲಾ ಬರೋಬ್ಬರಿ ಐತ್ರಿ. ಆದರ ಹಿಂದ ಒಂದು ಕರೀ ಬಟ್ಟಿ ಬೇಕು. ಕರೀದರ ಮುಂದ ಬಿಳಿ ರೊಟ್ಟಿ ಎದ್ದು ಕಾಣತೈತಿ."

ಮಾದೇವಿ ತಡಮಾಡಿದಳು. ಆಮೇಲೆ ಒಳಗೆ ಹೋಗಿ ಒಂದು ಕರೀ ಕಂಬಳಿ ತಂದಳು. ತೀರಿಹೋದ ಅಪ್ಪ ಗಿರಮಲ್ಲಪ್ಪನ ಕಂಬಳಿ. ಕುರಿ ಕಾಯುವಾಗ ಹೊದ್ದದ್ದು, ಬೀರೇಶ್ವರನ ಮುಂದೆ ಹಾಸಿದ್ದು. ಮನೆಬಿಟ್ಟು ಬರುವಾಗ ಅವಳು ತಂದದ್ದು ಅದೊಂದನ್ನೇ.

"ಚಪ್ಪಲ್ ಬಿಡ್ರಿ. ಇದರ ಮ್ಯಾಲ ಒಂದ ಹನಿ ಮುಸುರಿ ಬೀಳಬಾರದು. ದೇವರ ಕಂಬಳಿ ಇದು."

ಅಮೋಲ ಚಪ್ಪಲಿ ಬಿಟ್ಟ. ತಾಟನ್ನು ಕಂಬಳಿಯ ಮೇಲಿಡದೆ ಸ್ಟೂಲಿನ ಮೇಲಿಟ್ಟು, ಕಂಬಳಿಯನ್ನು ಹಿಂದೆ ಇಳಿಬಿಟ್ಟ. ಅದರ ಮೂಲೆಯಲ್ಲಿ ಹರಿದ ಜಾಗಕ್ಕೆ ಯಾರೋ ಕೆಂಪು ದಾರದಿಂದ ಹೊಲಿಗೆ ಹಾಕಿದ್ದರು.

"ಎಷ್ಟ ಛಂದ ಐತ್ರೀ ಈ ಕೆಂಪ ದಾರ!"

ಅವನು ಮೆಚ್ಚಿದನಲ್ಲ ಎಂಬ ಖುಷಿಗೆ ಮಾದೇವಿ ತಾನೇ ಆ ಮೂಲೆಯನ್ನು ಎಳೆದು ಮುಂದೆ ಹಾಕಿದಳು. ಆಗ ಅವಳ ಮನಸ್ಸು ಎಲ್ಲಿತ್ತೋ!

"ಇನ್ನೊಂದು ಕೊರತಿ ಐತ್ರಿ," ಅಂದ ಅಮೋಲ ಮೆಲ್ಲಗೆ. "ಬಡಸೂ ಕೈ ಇಲ್ಲದ ಊಟ ಫೋಟೋದಾಗ ತಣ್ಣಗ ಕಾಣತೈತಿ. ನಿಮ್ಮ ಕೈ..."

"ಬ್ಯಾಡ್ರಿ!"

ಥರ್ಮಾಕೋಲು ಅವಳ ಕೈಯಿಂದ ಜಾರಿತು. ಅವತ್ತು ಅವಳು ಎಲ್ಲವನ್ನೂ ಹೇಳಿದಳು. ಮಾವನ ವಿಷಯ, ಅಣ್ಣನ ಸಿಟ್ಟು, ಹೆಬ್ಬೆರಳಿನ ಕಲೆ... ಹೇಳುತ್ತ ಹೇಳುತ್ತ ಅತ್ತುಬಿಟ್ಟಳು.

"ನಿಮ್ಮ ಕೈ ಬೋರ್ಡಿನ ಮ್ಯಾಲ ಬರೂದಿಲ್ರಿ. ನಮ್ಮವ್ವನ ಆಣಿ," ಅಂದ ಅಮೋಲ.

ಆ ರಾತ್ರಿ ಅವಳು ನೆಮ್ಮದಿಯಿಂದ ಮಲಗಿದಳು. 'ಇಂವ ಮಾತಿಗೆ ತಪ್ಪೂದಿಲ್ಲ' ಎಂದು ಮನಸ್ಸು ಹೇಳುತ್ತಿತ್ತು.

*

ಬೋರ್ಡು ಬಂದ ದಿನ ಮಾದೇವಿ ಸೆರಗು ಮುಚ್ಚಿಕೊಂಡು ಓಣಿಯ ತುದಿಗೆ ಕೊತ್ತಂಬರಿ ತರಲು ಹೋಗಿದ್ದಳು. ತಿರುಗಿ ಬರುವಾಗ ತಲೆ ಎತ್ತಿ ನೋಡಿದಳು.

ಅಯ್ಯೋ ದೇವರೇ!

ಖಾನಾವಳಿಯ ನೆತ್ತಿಯ ಮೇಲೆ, ಸಾವಳಗಿ ಬಸ್ಸು ನಿಲ್ಲುವ ಜಾಗದ ಎದುರಿಗೇ, ಆಳೆತ್ತರದ ಚಿತ್ರ. ಬಿಳಿ ಜೋಳದ ರೊಟ್ಟಿ, ಗುದ್ದಿದ ಉಳ್ಳಾಗಡ್ಡಿ... ಮತ್ತು ಬೆಣ್ಣೆ ಇಡುತ್ತಿರುವ ಹಸಿರು ಬಳೆಯ ಕೈ!

ಎರಡನೇ ಸಲ ನೋಡುವ ಧೈರ್ಯ ಅವಳಿಗಾಗಲಿಲ್ಲ. ಅಳಿಸಿದ್ದೇನೆಂದು ತೋರಿಸಿದ್ದೆಲ್ಲ ನಾಟಕವೇ? ಅವ್ವನ ಆಣೆಯೂ ಸುಳ್ಳೇ?

'ನಂಬಿಸಿ ಕುತ್ತಿಗಿ ಕೊಯ್ದೆಲ್ಲೋ ಅಮೋಲಾ...'

ಹಿತ್ತಲಿಂದ ಒಳಗೆ ಓಡಿದಳು. ಕೈಗೆ ಸಿಕ್ಕ ಸೀರೆಗಳನ್ನು ಚೀಲಕ್ಕೆ ತುರುಕಿದಳು. ಕಂಬಳಿಯನ್ನು ಬಗಲಲ್ಲಿ ಇಟ್ಟುಕೊಂಡಳು. ಎಲ್ಲಿಗೆ ಹೋಗುವುದು? ಮುಧೋಳಕ್ಕೋ, ಬೀಳಗಿಗೋ? ಯಾವ ಬಸ್ಸಾದರೂ ಸರಿ!

ಆಗ ಮುಂದಿನ ಕೋಣೆಯಿಂದ ಒಂದು ದನಿ ಕೇಳಿತು.

"ಆ ಬೋರ್ಡಿನ ಮ್ಯಾಲಿನ ಕೈ ಯಾರದು?"

ಭೀಮಶಿ!

ಟ್ರ್ಯಾಕ್ಟರಿನ ಸಾಮಾನಿಗೆಂದು ಬನಹಟ್ಟಿಗೆ ಬಂದವನು ಬಸ್ಸಿಳಿದ ಕೂಡಲೇ ಬೋರ್ಡು ನೋಡಿ ನೆಟ್ಟಗೆ ಒಳಗೆ ಬಂದಿದ್ದ. ಹಿತ್ತಲ ಬಾಗಿಲು ತೆರೆದೇ ಇತ್ತು. ಆದರೆ ಮಾದೇವಿಯ ಹೆಜ್ಜೆ ಏಳಲಿಲ್ಲ. ಪರದೆಯ ಸಂದಿಯಿಂದ ನೋಡಿದಳು. ತಾರವ್ವನ ಮುಖ ಬಿಳುಚಿತ್ತು. ಬೋರ್ಡು ಕಟ್ಟಿಸಿ ಊಟಕ್ಕೆ ಕೂತಿದ್ದ ಅಮೋಲ ಎದ್ದುನಿಂತ.

"ಆ ಕೈ ನಂದ್ರೀ," ಅಂದ.

"ಏನಂದಿ? ಮಸ್ಕಿರಿ ಮಾಡ್ತಿಯೇನಲೇ?"

"ಖರೇನ ಹೇಳ್ತೇನ್ರಿ. ಬಳಿ ಹಾಕ್ಕೊಂಡು ನಿಂದರ್ರಿ ಅಂದ್ರ ಯಾವ ಹೆಣ್ಣಮಗಳೂ ಒಪ್ಪಲಿಲ್ಲ. ಕೈಮ್ಯಾಲಿನ ಕೂದಲ ಬೋಳಿಸಿ, ಬಳಿ ಏರಿಸಿ, ಸ್ಟುಡಿಯೋದಾಗ ಕ್ಯಾಮೆರಾಕ ಟೈಮರ್ ಇಟ್ಟು ನಾನ ತಗೊಂಡು, ಕಂಪ್ಯೂಟರಿನ್ಯಾಗ ರೊಟ್ಟಿ ಫೋಟೋಕ್ಕ ಜೋಡಿಸೇನಿ. ಬಳಿ ಏರೂ ಮುಂದ ಏರಿದವು, ಇಳೀಲೇ ಇಲ್ಲ. ಒಡದು ತಗದೆ. ನೋಡ್ರಿ!"

ಅವನು ಅಂಗಿಯ ತೋಳು ಮೇಲಕ್ಕೆ ಮಡಚಿದ. ಮಣಿಕಟ್ಟಿನ ಸುತ್ತ ಗಾಜು ತರಿದ ಗೆರೆಗಳು ಕೆಂಪಗೆ ಕಾಣುತ್ತಿದ್ದವು. ಉಣ್ಣುತ್ತಿದ್ದ ಗಿರಾಕಿಗಳು ಹೋ ಎಂದು ನಕ್ಕರು.

ಮಾದೇವಿ ಬಾಯಿಗೆ ಸೆರಗು ಒತ್ತಿಕೊಂಡಳು. ಬೋರ್ಡಿನ ಕೈಯಲ್ಲಿ ಕಲೆ ಇದೆಯೋ ಇಲ್ಲವೋ ಎಂದು ಒಮ್ಮೆ ನೋಡಿದ್ದರೂ ಸಾಕಿತ್ತು! 'ನನ್ನ ಹೆದರಿಕಿ ಸಲುವಾಗಿ ಈ ಹುಡುಗ ಬಳಿ ತೊಟ್ಟಾನಲ್ಲ... ನಾ ಅವಗ ಶಾಪ ಹಾಕಿದ್ನಲ್ಲ...'

ಆದರೆ ಭೀಮಶಿ ನಗಲಿಲ್ಲ.

"ಕೈ ನಿಂದ ಇರಲಿ. ಹಿಂದಿನ ಕಂಬಳಿ ಯಾರದು?"

ನಗು ನಿಂತಿತು. ಮಾದೇವಿ ತನ್ನ ಬಗಲಲ್ಲಿದ್ದುದನ್ನು ನೋಡಿಕೊಂಡಳು. ಕಂಬಳಿ! ಕೈಯನ್ನು ಅಷ್ಟು ಜೋಪಾನ ಮಾಡಿದವಳು ಕಂಬಳಿಯನ್ನು ಮರೆತಿದ್ದಳು. ಆ ಮೂಲೆಯನ್ನು ತಾನೇ ಎಳೆದು ಮುಂದೆ ಹಾಕಿದ್ದಳು!

"ಸಂತ್ಯಾಗ... ಸಂತ್ಯಾಗ ತಗೊಂಡೇನ್ರಿ," ಅಂದ ಅಮೋಲ.

ಭೀಮಶಿ ಒಂದೇ ಹೆಜ್ಜೆಗೆ ಬಂದು ಅವನ ಅಂಗಿಯ ಕೊರಳಪಟ್ಟಿ ಹಿಡಿದ.

"ಆ ಕೆಂಪ ದಾರ ನಮ್ಮವ್ವ ಹಾಕಿದ್ದು! ನಮ್ಮಪ್ಪನ ಕಂಬಳಿ ಸಂತಿಗೆ ಹೆಂಗ ಬಂತಲೇ? ನನ್ನ ತಂಗಿ ಎಲ್ಲಿ ಅದಾಳ? ಬೊಗಳು!"

"ನನಗ ಗೊತ್ತಿಲ್ರಿ."

"ಗೊತ್ತಿಲ್ಲ?"

ಭೀಮಶಿಯ ಇನ್ನೊಂದು ಕೈ ಮೇಲೆದ್ದಿತು. ಅಮೋಲ ಕಣ್ಣು ಮುಚ್ಚಿದ. ಆದರೂ ಬಾಯಿ ಬಿಡಲಿಲ್ಲ.

ಹಿತ್ತಲ ಬಾಗಿಲು ಇನ್ನೂ ತೆರೆದಿತ್ತು. ಹೊರಗೆ ಯಾವುದೋ ಬಸ್ಸು ಹಾರ್ನ್ ಹಾಕುತ್ತಿತ್ತು. ಓಡಿದರೆ ಪಾರು...

ಮಾದೇವಿ ಚೀಲ ಕೆಳಗೆ ಬಿಟ್ಟು ಪರದೆ ಸರಿಸಿದಳು.

"ಅವನ್ನ ಬಿಡು ಅಣ್ಣಾ. ನಾ ಇಲ್ಲೇ ಅದೀನಿ."

ಭೀಮಶಿ ಮೆಲ್ಲಗೆ ತಿರುಗಿದ. ಅವನ ಕಣ್ಣು ಮೊದಲು ಹೋದದ್ದು ತಂಗಿಯ ಬಗಲಿನಲ್ಲಿದ್ದ ಕಂಬಳಿಯ ಕಡೆಗೆ.

"ಅದರ ಮ್ಯಾಲ ಮುಸುರಿ ಬಿತ್ತೇನು?"

"ಒಂದ ಹನೀನೂ ಬೀಳಗೊಟ್ಟಿಲ್ಲ. ಇವರು ಅದನ್ನ ಮುಟ್ಟೂ ಮೊದಲ ಚಪ್ಪಲ್ ಬಿಟ್ಟಾರ."

ಭೀಮಶಿ ಕೊರಳಪಟ್ಟಿ ಬಿಟ್ಟು ಕಂಬಳಿ ಇಸಿದುಕೊಂಡ. ತಿರುವಿ ನೋಡಿ ಕಣ್ಣಿಗೊತ್ತಿಕೊಂಡ. ಅವನ ದನಿ ಮಾತ್ರ ಇನ್ನೂ ಗಡಸಾಗಿಯೇ ಇತ್ತು.

"ನಡಿ ಮನಿಗೆ. ಮಾವ ಇನ್ನೂ ಕಾಯಾಕತ್ತಾನ."

ಮಾದೇವಿ ಅಣ್ಣನ ಮುಖವನ್ನು ನೆಟ್ಟಗೆ ನೋಡಿದಳು.

"ಒಲ್ಲೆ ಅಣ್ಣಾ. ಪಾಂಡುಮಾವನ್ನ ನಾ ಮಾಡ್ಕೊಳ್ಳಾಂಗಿಲ್ಲ."

"ಈಗ ಹೇಳ್ತಿ! ಅವತ್ತ ಯಾಕ ಹೇಳಲಿಲ್ಲ ಬೇ?"

"ಹೆದರಿಕಿ ಆತು."

"ಯಾರ ಹೆದರಿಕಿ? ಮಾವಂದೇನು?"

"ಇಲ್ಲ. ನಿಂದು."

ಭೀಮಶಿ ಹೊಡೆತ ತಿಂದವನ ಹಾಗೆ ನಿಂತ. ಚಿಕ್ಕಂದಿನಲ್ಲಿ ಹಂಚಿಗೆ ಕೈ ಸುಟ್ಟುಕೊಂಡಾಗ ಇದೇ ತಂಗಿಯನ್ನು ಹೆಗಲ ಮೇಲೆ ಹೊತ್ತು ಜಮಖಂಡಿ ದವಾಖಾನೆಗೆ ಓಡಿದವನು ಅವನೇ. ದಾರಿಯುದ್ದಕ್ಕೂ 'ಅಣ್ಣಾ ಅಣ್ಣಾ' ಎಂದು ಅವನ ಕೊರಳನ್ನೇ ಅಪ್ಪಿಕೊಂಡಿದ್ದಳು. ಆ ಹುಡುಗಿಗೆ ಈಗ ತನ್ನದೇ ಹೆದರಿಕೆಯೇ?

ಅವನು ಬೆಂಚಿನ ಮೇಲೆ ಕುಸಿದು ಕೂತ. ಕಂಬಳಿಯ ಕೆಂಪು ದಾರದ ಮೇಲೆ ಬೆರಳಾಡಿಸಿದ.

"ರೊಟ್ಟಿ ಹಾಕು," ಅಂದ ಕೊನೆಗೆ. "ಮುಂಜಾನಿಂದ ಉಂಡಿಲ್ಲ."

ಅವಳು ಬಿಸಿ ರೊಟ್ಟಿ ತಂದು ಬಡಿಸಿದಳು. ಅವನು ತಲೆ ಎತ್ತದೆ ಉಂಡ. ಏಳುವಾಗ ಕಂಬಳಿಯನ್ನು ಅವಳ ಹೆಗಲ ಮೇಲೆ ಹಾಕಿದ.

"ಮಾವಗ ನಾ ಹೇಳ್ತೇನಿ. ನೀ ಇವತ್ತ ಅವ್ವಗ ಫೋನ್ ಮಾಡು. ಆಕೀ ಕಣ್ಣೀರು ಬತ್ಯಾವ."

ಬಾಗಿಲ ಹತ್ತಿರ ನಿಂತು ಅಮೋಲನನ್ನು ಮೇಲಿಂದ ಕೆಳಗೆ ನೋಡಿದ.

"ಯಾರ ಮಗಾ ನೀ?"

"ಅನಗವಾಡಿ ಗಂಗಾರಾಮನ ಮಗಾ ರೀ."

"ಹ್ಞೂಂ. ಬಳಿ ನಿನಗ ಒಪ್ಪಂಗಿಲ್ಲ. ಇನ್ನೊಮ್ಮೆ ತೊಡಬ್ಯಾಡ."

*

ಮರುದಿನ ಮಧ್ಯಾಹ್ನ ಹಿತ್ತಲ ಬಾಗಿಲಿನ ಬಿಸಿಲು ಅದೇ ಸ್ಟೂಲಿನ ಮೇಲೆ ಬಿದ್ದಿತ್ತು. ಮಾದೇವಿ ಬಿಸಿ ರೊಟ್ಟಿಯ ತಾಟು ತಂದಿಟ್ಟಳು.

"ಇನ್ನೊಂದು ಫೋಟೋ ತಗೀರಿ. ಬೋರ್ಡಿನ ಮ್ಯಾಲ ನನ್ನ ಕೈ ಇರಲಿ."

ಅಮೋಲ ಬೆರಗಾದ. "ಸುಟ್ಟ ಕಲಿ ಕಾಣತೈತ್ರೀ."

"ಕಾಣ್ಲಿ. ಯಾರ ಕೈ ಅಂತ ಯಾರರೆ ಕೇಳಿದ್ರ ನನ್ನ ಹೆಸರ ಹೇಳ್ರಿ."

ಅವನು ಕ್ಯಾಮೆರಾ ಎತ್ತಿದ. ಮತ್ತೆ ಇಳಿಸಿದ.

"ನಿನ್ನಿ ಬೋರ್ಡ ನೋಡಿ ನನ್ನ ಮ್ಯಾಲ ಸಂಶೇ ಬಂತಲ್ರೀ ನಿಮಗ?"

"ಬಂತ್ರಿ. ಚೀಲಾನೂ ಕಟ್ಟಿದ್ದೆ," ಅಂದಳು ತಲೆ ತಗ್ಗಿಸಿ. "ತಪ್ಪಾತು. ಬಾಯಿಗೆ ಬಂದಂಗ ಬೈದೀನಿ ಮನಸ್ಸಿನ್ಯಾಗ."

"ಬೈರಿ, ಎಷ್ಟರೆ ಬೈರಿ. ಆದರ ಬಸ್ ಹತ್ತಬ್ಯಾಡ್ರಿ. ನಿಮ್ಮಣ್ಣ ಕೊರಳಪಟ್ಟಿ ಹಿಡದಾಗ ನಾ ಅಷ್ಟು ಹೆದರಲಿಲ್ಲ. ನೀವು ಹೋಗಿಬಿಟ್ರ ಹೆಂಗ ಅಂತ ಜೀವ ಹೋದಂಗ ಆಗಿತ್ತು... ನೀವಂದ್ರ ನನಗ ಭಾಳ ಜೀವ ರೀ."

ಮಾದೇವಿ ಅವನ ಹತ್ತಿರ ಬಂದಳು. ಅವನ ಮಣಿಕಟ್ಟಿನ ಗಾಯದ ಮೇಲೆ ಮೆಲ್ಲಗೆ ಬೆರಳಿಟ್ಟಳು. ಅವನು ಚೀಲದಿಂದ ಕಾಗದದ ಪೊಟ್ಟಣ ತೆಗೆದ. ಒಡೆಯದೆ ಉಳಿದ ಹಸಿರು ಬಳೆಗಳು!

"ಹಾಕ್ಕೋರಿ. ಫೋಟೋದಾಗ ಛಂದ ಕಾಣ್ತಾವು."

ಅವಳು ಕಲೆಯಿದ್ದ ಕೈಯನ್ನೇ ಮುಂದೆ ಚಾಚಿದಳು.

"ನೀವ ಹಾಕ್ರಿ."

ಈಗ ಹೆದರುವ ಸರದಿ ಅಮೋಲನದು. ಒಂದೊಂದೇ ಬಳೆ ಏರಿಸಿದ. ಒಂದೂ ಒಡೆಯಲಿಲ್ಲ.

"ಫೋಟೋಕ್ಕಷ್ಟ ಏನ್ರೀ?" ಎಂದು ಕೇಳಿದ, ಉಸಿರು ಬಿಗಿಹಿಡಿದು.

ಮಾದೇವಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟಳು. ಕೈ ಅಲುಗಾಡಲಿಲ್ಲ.

"ಫೋಟೋ ಆದ ಮ್ಯಾಲ ತಗೀರಿ ಅಂತ ನಾ ಅಂದ್ನೇನು?"