ಹಳೆಯ ಸರ್ವರ್ ಬಿಡದ ಒಂದು ಕಂಪ್ಯೂಟರ್

"ಹಳೇದನ್ನ ಇವತ್ತೇ ಕಿತ್ತುಹಾಕ್ತೀರಾ, ಮೇಡಂ?"

ಮೊದಲ ದಿನ ಅವನು ಹೀಗೆ ಕೇಳಿದಾಗ, ಇವನಿಗೆ ತನ್ನ ಮೇಲೆ ನಂಬಿಕೆಯಿಲ್ಲ ಎಂದು ಅವಳಿಗೆ ಮೂಗಿನ ತುದಿಗೇ ಸಿಟ್ಟು ಬಂದಿತ್ತು. ಕನ್ನಡಕದ ಗಾಜು ಮಾಡುವ ಆ ಕಂಪನಿಯ ಕಂಪ್ಯೂಟರ್‌ಗಳನ್ನೆಲ್ಲ ನೋಡಿಕೊಳ್ಳುವವನು ಅವನು; ಡೊಮೇನ್ ಕಂಟ್ರೋಲರ್ ಬದಲಿಸಲು ಹೊರಗಿನಿಂದ ಬಂದ ಎಂಜಿನಿಯರ್ ಅವಳು. ಆಫೀಸಿನಲ್ಲಿ ಯಾರು ಲಾಗಿನ್ ಆದರೂ ಗುರುತು ಹಿಡಿದು ಒಳಗೆ ಬಿಡುವ ಸರ್ವರ್ ಅದು.

"ಕಿತ್ತುಹಾಕೋಕೆ ಅದೇನು ಹಲ್ಲಾ? ಹೊಸದನ್ನ ಪಕ್ಕದಲ್ಲಿ ಕೂರಿಸ್ತೀನಿ. ಹಳೇದಕ್ಕೆ ಗೊತ್ತಿರೋದೆಲ್ಲ ಕಲೀಲಿ. ಜವಾಬ್ದಾರಿ ಒಂದೊಂದಾಗಿ ದಾಟಿಸೋಣ. ಆಮೇಲೆ ಹಳೇದನ್ನ ಆಫ್ ಮಾಡಿ ನೋಡೋದು. ಯಾರೂ ಅದನ್ನ ಹುಡುಕದಿದ್ರೆ ಮಾತ್ರ ಬೀಳ್ಕೊಡುಗೆ."

ಅವನು ನಕ್ಕ. ಆ ನಗು ಕಣ್ಣಲ್ಲಿ ಹುಟ್ಟಿ ತುಟಿಗೆ ತಡವಾಗಿ ತಲುಪುತ್ತಿತ್ತು, ಎರಡು ಸರ್ವರ್‌ಗಳ ನಡುವೆ ಸುದ್ದಿ ದಾಟಿದ ಹಾಗೆ.

ಆಮೇಲೆ ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಬ್ಯಾಕಪ್ ತೆರೆದು ನೋಡಿದರು, ಪ್ರತಿ ಕಂಪ್ಯೂಟರಿಗೂ ಹೊಸ ಸರ್ವರಿನ ವಿಳಾಸ ಕೊಟ್ಟರು. ಕೆಲಸ ಮುಗಿದರೆ ಇಲ್ಲಿಗೆ ಬರಲು ನೆಪವಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಮನಸ್ಸಿನಲ್ಲಿರುವುದನ್ನು ಹೇಳಿಬಿಡೋಣ ಎಂದು ಬಾಯಿ ತೆರೆದಾಗಲೆಲ್ಲ ಪ್ರಿಂಟರ್ ವಿಷಯ ಕೇಳಿಬಿಡುತ್ತಿದ್ದಳು.

ಪರೀಕ್ಷೆಯ ಬೆಳಗ್ಗೆ ಹಳೆಯ ಸರ್ವರ್ ಆಫ್ ಮಾಡಿದಳು. ಒಬ್ಬೊಬ್ಬರಾಗಿ ಲಾಗಿನ್ ಆದರು.

"ಏನೂ ಆಗ್ಲೇ ಇಲ್ವಲ್ಲಮ್ಮ!" ಎಂದರು ಅಕೌಂಟ್ಸ್ ಅಕ್ಕ.

ಈ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಆದರೂ ಅವಳು ತನ್ನ ಬ್ಯಾಗ್ ಕಟ್ಟಲು ಆತುರಪಡಲಿಲ್ಲ.

"ನಂದು ಓಪನ್ ಆಗ್ತಿಲ್ಲ," ಎಂದ ಅವನು, ತಲೆ ಎತ್ತದೆ.

ಅವನ ಕುರ್ಚಿಯಲ್ಲಿ ಕೂತು ನೋಡಿದಳು. ಅವನ ಕಂಪ್ಯೂಟರ್ ಇನ್ನೂ ಹಳೆಯ ಸರ್ವರನ್ನೇ ಕೇಳುತ್ತಿತ್ತು.

"ಮೊನ್ನೆ ಇದನ್ನ ಸರಿ ಮಾಡಿದ್ವಲ್ಲ?"

"ನೀವು ಹೋದ್ಮೇಲೆ ನಾನೇ ಮತ್ತೆ ಹಳೇ ವಿಳಾಸ ಹಾಕಿದೆ." ಅವನ ಕಿವಿ ಕೆಂಪಗಾಗಿತ್ತು. "ಎಲ್ಲ ಸರಿ ಹೋದ್ರೆ ನಾಳೆಯಿಂದ ನೀವು ಬರಲ್ಲ."

"ನೆಟ್‌ವರ್ಕ್ ನೋಡ್ಕೊಳ್ಳೋರು ಮಾಡೋ ಕೆಲಸಾನಾ ಇದು?"

"ಬೇರೆಯವರದ್ದು ಮುಟ್ಟಿಲ್ಲ. ನಂದು ಮಾತ್ರ."

ಬೈಯಬೇಕೆಂದು ಹೊರಟವಳಿಗೆ ನಗು ತಡೆಯಲಾಗಲಿಲ್ಲ. ಹೊಸ ವಿಳಾಸವನ್ನು ತಾನೇ ಟೈಪ್ ಮಾಡಿದಳು, ಎಲ್ಲವೂ ತೆರೆದುಕೊಂಡಿತು. ಎದ್ದು ಹೋಗಬಹುದಿತ್ತು. ಏಳಲಿಲ್ಲ.

"ನನ್ನ ಕರೆಸೋಕೆ ಏನನ್ನೂ ಕೆಡಿಸ್ಬೇಕಾಗಿಲ್ಲ ರೀ. ಬಾಯಿಬಿಟ್ಟು ಕರೆದ್ರೆ ಸಾಕು."

ಅವನು ತಲೆ ಎತ್ತಿದ. "ನಾಳೆ ಬನ್ನಿ. ಏನೂ ಕೆಟ್ಟಿರಲ್ಲ."

"ಕೆಟ್ಟಿದ್ರೆ ಕೆಲಸಕ್ಕೆ ಬಂದ ಹಾಗಾಗುತ್ತೆ," ಎಂದಳು. "ಕೆಡದಿದ್ರೆ ತಾನೇ, ನಿಮಗೋಸ್ಕರ ಬಂದ ಹಾಗಾಗೋದು?"