ಮನೆಯವರು ಒಪ್ಪಬೇಕಾದ ದಂಬೆ

ಅವನು ಅಂಗಡಿಗೆ ಬಂದದ್ದೇ ಜಗಳದ ಮುಖ ಹೊತ್ತುಕೊಂಡು. ತುಕ್ಕು ಹಿಡಿದ ಒಂದು ತಗಡಿನ ತುಂಡನ್ನು ಕೌಂಟರಿನ ಮೇಲೆ ಧಡ್ಡನೆ ಇಟ್ಟ.

"ಎರಡು ಮಳೆಗಾಲ ಬಾಳಲಿಲ್ಲ ಇದು. ಎಂತ ಹೇಳ್ತೀರಿ?"

ಡುಲ್ಸಿನ್ ತಲೆಯೆತ್ತಿದಳು. ಮಾಡಿನ ಅಂಚಿಗೆ ಕಟ್ಟಿ, ಮಳೆನೀರನ್ನು ಹಿಡಿದು ಪೈಪಿಗೆ ಇಳಿಸುವ ದಂಬೆಗಳನ್ನು ಉಡುಪಿಯ ಆ ಅಂಗಡಿಯಲ್ಲಿ ಮಾರುತ್ತಾ ಅವಳಿಗೆ ನಾಲ್ಕು ವರ್ಷ. ದಂಬೆಯ ವಿಷಯದಲ್ಲಿ ಅವಳಿಗೆ ಪಾಠ ಹೇಳುವವರು ಇನ್ನೂ ಹುಟ್ಟಿರಲಿಲ್ಲ.

"ಮನೆ ಎಲ್ಲಿ?"

"ಎರ್ಮಾಳ್."

"ಸಮುದ್ರಕ್ಕೆ ಎಷ್ಟು ದೂರ?"

"ಅಂಗಳದಲ್ಲಿ ನಿಂತರೆ ಕಾಣ್ತದೆ."

"ಉಪ್ಪು ಗಾಳಿ ಬೀಸುವಲ್ಲಿ ತಗಡಿನ ದಂಬೆ ಹಾಕಿದ ಬುದ್ಧಿವಂತ ಯಾರು?"

ಅವನು ತಲೆ ಕೆರೆದುಕೊಂಡ. "ನಾನೇ."

ಅವಳಿಗೆ ನಗು ತಡೆಯಲಾಗಲಿಲ್ಲ. ಅವನಿಗೂ... ಆ ನಗುವಿನಲ್ಲೇ ಹುಡುಗಿಯ ಮನಸ್ಸು ಜಾರಿತು. ಪಾಪ, ಅವಳಿಗೆ ಆಗ ಅದು ಗೊತ್ತಾಗಲಿಲ್ಲ, ಅಷ್ಟೆ.

ಹೆಸರು ಡೀನ್, ಮಣಿಪಾಲದಲ್ಲಿ ಲ್ಯಾಬ್ ಟೆಕ್ನಿಷಿಯನ್ ಎಂದ. ಕ್ರಿಶ್ಚಿಯನ್ ಹೆಸರು ಕೇಳಿದ್ದೇ, ತಮ್ಮವನೇ ಎಂದು ಅವಳ ನಾಲಿಗೆ ತಾನಾಗಿ ಕೊಂಕಣಿಗೆ ಹೊರಳಿತು. ಒಳಗಿನಿಂದ ಮಾಲೀಕ ಕಾಸಿಂ ಸಾಹೇಬರು ಕೆಮ್ಮಿದರು.

"ಕೌಂಟರಿನಲ್ಲಿ ಕನ್ನಡ ಮಾತಾಡಿ ಡುಲ್ಸಿನ್. ಕೊಂಕಣಿಯಲ್ಲಿ ಎಷ್ಟು ಡಿಸ್ಕೌಂಟ್ ಕೊಟ್ರಿ ಅಂತ ಬ್ಯಾರಿ ಭಾಷೆಯವನಾದ ನನಗೆ ಹೇಗೆ ಗೊತ್ತಾಗ್ಬೇಕು?"

ಮುಂದಿನ ಗೊಂದಲಕ್ಕೆಲ್ಲ ಸಾಹೇಬರ ಈ ಕಾನೂನೇ ಕಾರಣ. ಆದರೆ ಅವರನ್ನು ಬೈಯಬೇಡಿ, ಮನುಷ್ಯ ಒಳ್ಳೆಯವರು.

"ನಿಮ್ಮಲ್ಲಿಗೆ ಪಿವಿಸಿ ಆಗ್ತದೆ," ಎಂದಳು ಡುಲ್ಸಿನ್. "ಬಿಸಿಲಿಗೆ ಸೀಳದ ಜಾತಿ ಉಂಟು. ಅಲ್ಯೂಮಿನಿಯಂ ಸಹ ಆಗ್ತದೆ, ಆದರೆ ಸ್ಕ್ರೂ ಸ್ಟೀಲಿನದ್ದೇ ಬೇಕು. ಅಗಲ ಆರು ಇಂಚಿಗೆ ಕಡಿಮೆ ಬೇಡ. ಆಟಿ ತಿಂಗಳ ಜೋರು ಮಳೆ ಬಂದರೆ ನೀರು ಹೊರಗೆ ಹಾರ್ತದೆ."

ಎಲ್ಲವನ್ನೂ ಕೇಳಿ ಅವನು ಹೇಳಿದ, "ಮನೆಯವರನ್ನು ಕೇಳಿ ಹೇಳ್ತೇನೆ."

ಮನೆಯವರು!

ಹೆಂಡತಿಯ ಹೆಸರೆತ್ತಲು ನಾಚುವ ಗಂಡಸರು ನಮ್ಮ ಕಡೆ ಹಾಗೆಯೇ ಅಲ್ಲವೇ ಹೇಳುವುದು? ಡುಲ್ಸಿನ್ ಅವನ ಬೆರಳು ನೋಡಿದಳು. ಉಂಗುರವಿರಲಿಲ್ಲ. ಆದರೆ ಲ್ಯಾಬಿನಲ್ಲಿ ಗ್ಲೌಸ್ ಹಾಕುವವರು ಉಂಗುರ ಬಿಚ್ಚಿಡುತ್ತಾರೇನೋ...

ಮುಂದಿನ ಶನಿವಾರ ಬಂದ. "ಮನೆಯವರಿಗೆ ಬಿಳಿ ಬೇಕಂತೆ."

ಅದರ ಮುಂದಿನ ಶನಿವಾರ, "ಮನೆಯವರಿಗೆ ಈಗ ಬಿಳಿ ಬೇಡವಂತೆ. ಪಾಚಿ ಕಾಣ್ತದಂತೆ."

ಎಂಥ ಚಂಚಲ ಹೆಂಗಸಪ್ಪ ಎಂದು ಡುಲ್ಸಿನ್‌ಗೆ ಸಿಟ್ಟು ಬಂತು. ಆ ಸಿಟ್ಟು ಯಾಕೆಂದು ಯೋಚಿಸಿದಾಗ ನಾಚಿಕೆಯೂ ಬಂತು. ಶನಿವಾರ ಬಂದರೆ ಹೊಸ ಚೂಡಿದಾರ್ ಹಾಕುವ ಬುದ್ಧಿ ತನಗೆ ಎಲ್ಲಿಂದ ಬಂತು? ಮದುವೆಯಾದವನ ಮೇಲೆ ಮನಸ್ಸಿಟ್ಟು ಯಾವ ಬಾಯಲ್ಲಿ ಪ್ರಾರ್ಥನೆ ಮಾಡುವುದು?

ಹಾಗಾದರೆ ಅವನ ಆ ನೋಟ? ಒಂದು ಕ್ಲಾಂಪಿನ ಬಗ್ಗೆ ಅರ್ಧ ಗಂಟೆ ಕೇಳುವುದು? 'ನಿಮಗೆ ಊಟ ಆಯ್ತಾ' ಎನ್ನುವಾಗಿನ ಆ ಸ್ವರ? ಅವಳಿಗೆ ಒಂದಕ್ಕೂ ತಲೆಬುಡ ತಿಳಿಯಲಿಲ್ಲ.

ಕೆಮ್ಮಣ್ಣು ಊರಿನ ಮನೆಯಲ್ಲಿ ಅಮ್ಮ ಸೆಲೀನ್ ಬೇರೆ ಬೆನ್ನು ಬಿದ್ದಿದ್ದಳು.

"ಕುಕ್ಕುಂದೂರಿನವರು ಮುಂದಿನ ವಾರದ ಭಾನುವಾರ ಸಂಬಂಧಕ್ಕೆ ಉತ್ತರ ಕೇಳ್ತಾರೆ ಬಾಯೆ. ಬ್ರ್ಯಾಂಡನ್ ಒಳ್ಳೆಯ ಹುಡುಗ. ಹೌದು ಅಂತೀಯಾ, ಇಲ್ಲ ಅಂತೀಯಾ? ಚರ್ಚಿನ ಪೂಜೆ ಮುಗಿಸಿ ಬರುವಾಗ ನಾನು ಹೇಳ್ಬೇಕು."

ಬ್ರ್ಯಾಂಡನ್‌ನಲ್ಲಿ ದೋಷವಿರಲಿಲ್ಲ. ದೋಷ ತನ್ನಲ್ಲೇ ಎಂದುಕೊಂಡಳು ಡುಲ್ಸಿನ್.

ಐದನೆಯ ಸಲ ಬಂದಾಗ ಡೀನ್ ಕೇಳಿದ, "ಬರುವ ಶನಿವಾರ ಅಳತೆಗೆ ನೀವೇ ಬರ್ತೀರಾ? ಮನೆಯವರಿಗೆ ನಿಮ್ಮನ್ನು ನೋಡ್ಬೇಕಂತೆ."

ಅವಳಿಗೆ ಬೇಡ ಅನ್ನಬೇಕೆನಿಸಿತು. ಆದರೂ ಹೂಂ ಅಂದಳು. ಅವನ ಹೆಂಡತಿಯನ್ನು ಕಣ್ಣಾರೆ ನೋಡಿದರೆ ಈ ಹುಚ್ಚು ಬಿಡುತ್ತದೆ. ಸಂಜೆಯೇ ಕುಕ್ಕುಂದೂರಿನವರಿಗೆ ಹೌದು ಎಂದುಬಿಡುವುದು. ಹಾಗೆಂದು ಗಟ್ಟಿ ಮಾಡಿಕೊಂಡು ಎರ್ಮಾಳಿನ ಬಸ್ಸು ಹತ್ತಿದಳು.

ಮನೆಯ ಜಗಲಿಯಲ್ಲಿ ಡೀನ್‌ನ ಅಜ್ಜಿ ಬರ್ತಾ ಮತ್ತು ಚಿಕ್ಕಪ್ಪ ರೇಮಂಡ್ ಕೂತು ಜೋರಾಗಿ ವಾದ ಮಾಡುತ್ತಿದ್ದರು. ಅಜ್ಜಿಗೆ ಕಂದು ಬಣ್ಣದ ದಂಬೆ, ಚಿಕ್ಕಪ್ಪನಿಗೆ ಬಿಳಿ. ಅವಳನ್ನು ಕಂಡದ್ದೇ ಇಬ್ಬರೂ ಗಪ್ಪಾದರು. ಅಜ್ಜಿಯಂತೂ ಬಿಟ್ಟ ಕಣ್ಣು ಮುಚ್ಚಲಿಲ್ಲ.

ಡುಲ್ಸಿನ್ ಬಾಗಿಲ ಕಡೆ ನೋಡಿದಳು. ಹೊರಗೆ ಬರುವವರು ಯಾರೂ ಇರಲಿಲ್ಲ.

ಡೀನ್ ಟೇಪಿನ ತುದಿ ಹಿಡಿದು ಏಣಿ ಹತ್ತಿದ. ಅವಳು ಕೆಳಗೆ ಏಣಿ ಹಿಡಿದು ನಿಂತಳು. ಕೊನೆಗೆ ತಡೆಯಲಾಗದೆ ಕೇಳಿಯೇಬಿಟ್ಟಳು.

"ನಿಮ್ಮ ಮನೆಯವರು ಕಾಣುವುದಿಲ್ಲ?"

"ಅಲ್ಲೇ ಜಗಲಿಯಲ್ಲಿ ಕೂತಿದ್ದಾರಲ್ಲ."

"ಅವರಲ್ಲ... ನಿಮ್ಮ ಮನೆಯವರು."

"ಅವರೇ ಮಾರಾಯ್ರೆ. ಘರ್ಚಿಂ."

ಘರ್ಚಿಂ! ಕೊಂಕಣಿಯಲ್ಲಿ ಮನೆಮಂದಿಯೆಲ್ಲ ಬಂದರು ಆ ಮಾತಿನಲ್ಲಿ. ಹೆಂಡತಿಯಾಗಿದ್ದರೆ ಬಾಯ್ಲ್ ಅನ್ನುತ್ತಿದ್ದ. ಇವನು ಕೊಂಕಣಿಯನ್ನು ಹಾಗೇ ಕನ್ನಡಕ್ಕೆ ಹಾಕಿದ್ದ, ಅವಳು ಕನ್ನಡವನ್ನು ಕನ್ನಡವಾಗಿಯೇ ಕೇಳಿಸಿಕೊಂಡಿದ್ದಳು. ಆಮೇಲಿನ ಮಾತೆಲ್ಲ ಕೊಂಕಣಿಯಲ್ಲೇ ನಡೆಯಿತು. ನಿಮಗೋಸ್ಕರ ಕನ್ನಡದಲ್ಲಿ ಹೇಳುತ್ತೇನೆ.

"ನಿಮಗೆ ಹೆಂಡತಿ ಇಲ್ವಾ?"

"ಹೆಂಡತಿಯಾ?" ಮೇಲೆ ಏಣಿ ಅಲುಗಿತು. "ಯಾರು ಹೇಳಿದ್ದು?"

"ನೀವೇ! ವಾರ ವಾರ!" ಅವಳ ಕಣ್ಣು ತುಂಬಿತು. ಸಿಟ್ಟೋ ಸಂತೋಷವೋ ಅವಳಿಗೇ ಗೊತ್ತಾಗಲಿಲ್ಲ. "ಇಲ್ಲದ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಟ್ಟು, ಅದಕ್ಕೆ ಪಾಪನಿವೇದನೆ ಕೂಡ ಮಾಡಿ ಬಂದೆ ನಾನು."

ಡೀನ್ ಟೇಪಿನ ತುದಿ ಬಿಟ್ಟ.

"ಒಂದು ಪಾಪ ನಾನೂ ಮಾಡಿದ್ದೇನೆ," ಎಂದ ಮೆಲ್ಲಗೆ. "ಪಿವಿಸಿಗೆ ಎಲ್ಲರೂ ಎರಡನೇ ವಾರವೇ ಒಪ್ಪಿದ್ದರು. ಬಣ್ಣದ ಜಗಳವನ್ನು ಮುಗಿಯಲು ಬಿಡದವನು ನಾನು. ಅದು ಮುಗಿದರೆ ಅಂಗಡಿಗೆ ಬರ್ಲಿಕ್ಕೆ ನೆಪ ಇರ್ಲಿಲ್ಲ."

"ಮತ್ತೆ ಯಾಕೆ ಹೇಳಲಿಲ್ಲ?"

"ಕೌಂಟರಿನಲ್ಲಿ ಹೇಗೆ ಹೇಳುವುದು? ಸಾಹೇಬರು ಕಿವಿ ನೆಟ್ಟಗೆ ಮಾಡಿ ಕೂತಿರ್ತಾರೆ. ನಿಮ್ಮ ಮೇಲೆ ಪ್ರೀತಿ ಉಂಟು ಡುಲ್ಸಿನ್. ಮೊದಲ ದಿನದಿಂದ ಉಂಟು."

ಡುಲ್ಸಿನ್ ಒಂದು ಕೈಯಲ್ಲಿ ಏಣಿ ಹಿಡಿದು, ಇನ್ನೊಂದು ಕೈಯಲ್ಲಿ ಫೋನ್ ಒತ್ತಿದಳು.

"ಮಮ್ಮಿ, ಕುಕ್ಕುಂದೂರಿನವರಿಗೆ ಬೇಡ ಅಂತ ಹೇಳು."

"ನಾಳೆಯವರೆಗೆ ಯೋಚಿಸು ಬಾಯೆ. ಬೇರೆ ಯಾರಾದ್ರೂ ಇದ್ದಾರಾ?"

"ಇದ್ದಾರೆ. ಮೇಲೆ ಇದ್ದಾರೆ."

ಸೆಲೀನ್ ಕೂಗಿಕೊಂಡಳು. "ಅಯ್ಯೋ ಮಗಳೇ, ಕಾನ್ವೆಂಟಿಗೆ ಸೇರ್ತೀಯಾ?"

"ಅಲ್ಲ ಮಮ್ಮಿ, ಏಣಿಯ ಮೇಲೆ. ಸಂಜೆ ಬಂದು ಹೇಳ್ತೇನೆ, ಇಡು."

ಜಗಲಿಯಲ್ಲಿ ಅಜ್ಜಿ ಚಿಕ್ಕಪ್ಪನ ಕೈಹಿಡಿದು ಒಳಗೆ ಎಳೆದುಕೊಂಡು ಹೋದಳು. ಅಂಗಳದಲ್ಲಿ ಇಬ್ಬರೇ ಉಳಿದರು.

"ಅಮ್ಮನಿಗೆ ಉತ್ತರ ಸಿಕ್ಕಿತು," ಎಂದ ಡೀನ್. "ನನಗೆ ನೀವು ಎಂತದೂ ಹೇಳಲಿಲ್ಲ."

"ಮೊದಲು ನೀನು ಇಳಿದು ಬಾ."

ಒಂದು ಮೆಟ್ಟಿಲು ಇಳಿದವನು ಅಲ್ಲೇ ನಿಂತುಬಿಟ್ಟ.

"ಎಂತ ಅಂದ್ರಿ?"

"ನೀವು ಅಲ್ಲ, 'ನೀನು' ಅಂದೆ." ಅವಳು ಎರಡೂ ಕೈಗಳಿಂದ ಏಣಿಯನ್ನು ಬಿಗಿಯಾಗಿ ಹಿಡಿದಳು. "ಇಳಿದು ಬಾ ಡೀನ್. ನಾನು ಹಿಡಿದುಕೊಂಡಿದ್ದೇನೆ."